ಮರಗೆಣಸಿನ ಕಾಲ, ಗೋಧಿಯ ರೋಗ

1942ರಿಂದ 1945ರವರೆಗೆ, ಸಿಂಗಾಪುರ ಜಪಾನಿನವರ ಕೈಲಿದ್ದಾಗ, ಇಲ್ಲಿನ ಜನ ಮರಗೆಣಸು ತಿಂದು ದಿನ ದೂಡಿದರು. ಅಕ್ಕಿಗೆ ರೇಷನ್. ಅದೇ ಯುದ್ಧದ ಕೊನೆಯ ಚಳಿಗಾಲದಲ್ಲಿ ಹಾಲೆಂಡಿನಲ್ಲೂ ಬ್ರೆಡ್ ಸಿಗದೆ ಜನ ಟ್ಯುಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿಂದರು. ಸುಮಾರು 20,000 ಮಂದಿ ಸತ್ತ ಆ ಬರದಲ್ಲಿ ಒಂದು ಬಗೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು! ಹೊಟ್ಟೆ ಉಬ್ಬಿ, ಬೇಧಿಯಾಗಿ, ಕೈಕಾಲು ಕಡ್ಡಿಯಾಗುವ ಸೀಲಿಯಾಕ್ ಕಾಯಿಲೆಯ ಮಕ್ಕಳು. ಹೇಗ್ ನಗರದ ಮಕ್ಕಳ ಡಾಕ್ಟರು ವಿಲ್ಲೆಮ್ ಡಿಕ್ಕೆ ಅವರಿಗೆ ಯುದ್ಧಕ್ಕೂ ಮೊದಲೇ ಗೋಧಿಯ ಮೇಲೆ ಅನುಮಾನವಿತ್ತು. ಬ್ರೆಡ್ ಮರಳಿ ಬಂದು ಮಕ್ಕಳು ಮತ್ತೆ ಹಾಸಿಗೆ ಹಿಡಿದಾಗ ಅದು ಗಟ್ಟಿಯಾಯಿತು. 1950ರಲ್ಲಿ ಅವರ ಪ್ರಬಂಧ ಬಂತು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಅನ್ನೋ ಅಂಟು ಒಳಗೆ ಹೋದರೆ, ಇಂಥವರ ಮೈಯ ರಕ್ಷಣಾ ವ್ಯವಸ್ಥೆ ತನ್ನ ಸಣ್ಣ ಕರುಳನ್ನೇ ಹಾಳು ಮಾಡುತ್ತದೆ.

ಮಕ್ಕಳಿಗೆ ಬರುವ ಟೈಪ್ ಒನ್ ಸಕ್ಕರೆ ಕಾಯಿಲೆಯೂ ಇದೇ ಜಾತಿಯದು. ಅಲ್ಲಿ ಪೆಟ್ಟು ಇನ್ಸುಲಿನ್ ತಯಾರಿಸುವ ಕಣಗಳಿಗೆ. 1922ರ ಜನವರಿಯಲ್ಲಿ ಟೊರಾಂಟೊದ 14 ವರ್ಷದ ಹುಡುಗನಿಗೆ ಮೊದಲ ಇನ್ಸುಲಿನ್ ಚುಚ್ಚುವವರೆಗೆ ಆ ಮಕ್ಕಳು ಹೆಚ್ಚು ದಿನ ಬದುಕುತ್ತಿರಲಿಲ್ಲ. ಬದುಕತೊಡಗಿದ ಮೇಲೆ ಎರಡೂ ಕಾಯಿಲೆ ಒಂದೇ ಮಗುವಿನಲ್ಲಿ ಕಾಣಿಸಿದವು. 1969ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಂಥದೊಂದು ವರದಿಯಿದೆ. ಎರಡಕ್ಕೂ ದಾರಿ ಮಾಡುವ ವಂಶವಾಹಿಗಳು ಬಹುಮಟ್ಟಿಗೆ ಒಂದೇ. ಟೈಪ್ ಒನ್ ಇರುವ ಸುಮಾರು 20 ಮಕ್ಕಳಲ್ಲಿ ಒಬ್ಬರಿಗೆ ಸೀಲಿಯಾಕ್ ಇರುತ್ತದೆ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ನಮ್ಮ ಡಾರ್ಮಿಟರಿಯ ಗೆಳೆಯನೊಬ್ಬನ ಮಗಳು ಊರಲ್ಲಿ ಇನ್ಸುಲಿನ್ ಮೇಲಿದ್ದಾಳೆ. ಹೊಟ್ಟೆನೋವು ಅಂತ ಅಂದಿದ್ದೇ ಇಲ್ಲ. ಆದರೆ ಲೆಕ್ಕ ಹಾಕಿ ಚುಚ್ಚಿದರೂ ಸಕ್ಕರೆ ದಿಢೀರ್ ಇಳಿಯೋದು, ಎತ್ತರವೂ ಏರಲಿಲ್ಲ. ಕರುಳು ಕೆಟ್ಟರೆ ತಿಂದದ್ದು ಸರಿಯಾಗಿ ಮೈಗೆ ಹತ್ತದು, ಚುಚ್ಚಿದ ಇನ್ಸುಲಿನ್ ಮಾತ್ರ ತನ್ನ ಕೆಲಸ ಮಾಡಿಯೇ ಮಾಡುತ್ತದೆ. ಇವನೋ ದಿನಾ ರಾತ್ರಿ ಫೋನಲ್ಲಿ, "ಸರಿಯಾಗಿ ಊಟ ಕೊಡ್ತಿದೀಯೇನೇ?" ಅಂತ ಹೆಂಡತಿಯನ್ನು ಗದರೋನು. ಪಾಪ, ಆಕೆ "ಶುಗರ್ ಇದ್ದರೆ ಅನ್ನ ಬಿಡಿಸಿ ಚಪಾತಿ ಕೊಡಿ" ಅಂದವರ ಮಾತು ಕೇಳಿ ಎರಡು ಹೊತ್ತೂ ಚಪಾತಿಯನ್ನೇ ಹಾಕುತ್ತಿದ್ದಳು. ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಸಲಹೆ ಇದು. ದೊಡ್ಡವರ ಶುಗರ್ರಿಗೆ ಸರಿಯೋ ತಪ್ಪೋ, ಆ ಮಗುವಿಗೆ ಅದೇ ವಿಷವಾಗಿತ್ತು.

ಟಿಟಿಜಿ ಅನ್ನೋ ರಕ್ತಪರೀಕ್ಷೆ ಇದೆ. 1997ರಲ್ಲಿ ಜರ್ಮನಿಯಲ್ಲಿ ನಡೆದ ಸಂಶೋಧನೆಯಿಂದ ಹುಟ್ಟಿದ್ದು. ಪರೀಕ್ಷೆಗೆ ಮುಂಚೆ ಗೋಧಿ ಬಿಡಿಸಬೇಡಿ, ಬಿಟ್ಟರೆ ಕಾಯಿಲೆ ಇದ್ದರೂ ಕಾಣದೆ ಹೋಗಬಹುದು. ಗೊತ್ತಾದ ಮೇಲೆ ಜೀವನಪೂರ್ತಿ ಬಿಡಬೇಕು. ಕರುಳು ಸುಧಾರಿಸಿದಂತೆ ಇನ್ಸುಲಿನ್ ಹೆಚ್ಚು ಬೇಕಾಗಬಹುದು, ಅದನ್ನು ಡಾಕ್ಟರೇ ಹೇಳಬೇಕು.

ಮುದ್ದೆ, ಜೋಳದ ರೊಟ್ಟಿ, ಅನ್ನ ಇರುವ ನಮಗೆ ಇದು ಡಚ್ಚರಷ್ಟು ಕಷ್ಟವಲ್ಲ. ಆದರೆ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ರಾಗಿ ಹಾಕಿಸಬಾರದು. ಉಪ್ಪಿಟ್ಟಿನ ರವೆ, ಶಾವಿಗೆ ಗೋಧಿಯದೇ. ಡಬ್ಬಿ ಇಂಗಿನಲ್ಲಿ ಸಾಮಾನ್ಯವಾಗಿ ಮೈದಾ ಬೆರೆಸಿರುತ್ತಾರೆ. ಇಲ್ಲಿನ ಸೋಯಾ ಸಾಸಿನಲ್ಲೂ ಹೆಚ್ಚಾಗಿ ಗೋಧಿ ಇರುತ್ತದೆ. ಇನ್ನು ಊರಿಗೆ ಹೊರಡುವಾಗ ಮಕ್ಕಳಿಗೆಂದು ನಾವು ಪೆಟ್ಟಿಗೆಗೆ ತುಂಬುವ ಮೈಲೋ, ಹಾರ್ಲಿಕ್ಸ್ ಎರಡರಲ್ಲೂ ಬಾರ್ಲಿ ಇದೆ.