ಬಳ್ಳಾರಿ ಸೀಮೆಯ ಗಿಂಡಿಯೂ ಎಂಜಲಿನ ವಿಚಾರವೂ

ಪಾನಪಾತ್ರೆಗಳ ಆಕಾರವನ್ನು ಕುಶಲಿಗಳ ಅಭಿರುಚಿಯೊಂದರಿಂದಲೇ ವಿವರಿಸಲಾಗದು. ಕುಡಿಯುವವನ ತುಟಿ ಪಾತ್ರೆಗೆ ಸೋಕಬಹುದೇ ಎಂಬ ಸಾಮಾಜಿಕ ನಿರ್ಣಯವೂ ಅದನ್ನು ರೂಪಿಸಿರುವುದು. ಬಳ್ಳಾರಿ ಸೀಮೆಯ ಗಿಂಡಿ ಇದಕ್ಕೆ ಒಳ್ಳೆಯ ನಿದರ್ಶನ.

ಬಳ್ಳಾರಿ ನಗರದ ಮಗ್ಗುಲಿನ ಸಂಗನಕಲ್ಲಿನಲ್ಲಿಯೂ, ೧೯೬೩-೬೪ರಲ್ಲಿ ಉತ್ಖನನವಾದ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿಯೂ ನವಶಿಲಾಯುಗದ ವಸತಿಗಳು ಬೆಳಕಿಗೆ ಬಂದಿವೆ. ಆ ಸಂಸ್ಕೃತಿಯ ಬೂದುಬಣ್ಣದ ಮಡಕೆಗಳಲ್ಲಿ ಕೊಳವೆಯುಳ್ಳವೂ ಉಂಟು. ಆದರೆ ಆಕಾರಸಾಮ್ಯದಿಂದಲೇ ಅವನ್ನು ಗಿಂಡಿಯ ಮೂಲವೆನ್ನುವುದು ಸಾಹಸವಾದೀತು. ಆ ಪಶುಪಾಲಕರಲ್ಲಿ ಎಂಜಲಿನ ಕಲ್ಪನೆಯಿದ್ದಿತೇ ಎಂಬುದನ್ನು ಮಡಕೆ ಹೇಳದು.

ಗಿಂಡಿಯ ಒಡಲು ದುಂಡು, ಕಂಠ ಕಿರಿದು, ಪಕ್ಕದಲ್ಲಿ ಕೊಳವೆ. ಎತ್ತಿ ಬಾಗಿಸಿದರೆ ನೀರು ಸಣ್ಣ ಧಾರೆಯಾಗಿ ಬಾಯೊಳಗೆ ಬೀಳುವುದಲ್ಲದೆ ಲೋಹವು ತುಟಿಯನ್ನು ಮುಟ್ಟದು. ೧೫೮೩ರಿಂದ ೧೫೮೮ರವರೆಗೆ ಗೋವೆಯಲ್ಲಿದ್ದ ಡಚ್ಚರ ಲಿನ್ಸ್‌ಕೋಟನ್ ಈ ಬಗೆಯ ತಾಮ್ರದ ಪಾತ್ರೆಯನ್ನೂ, ಹೀಗೆ ಕುಡಿಯಲು ಹೋಗಿ ಮೈಮೇಲೆ ನೀರು ಚೆಲ್ಲಿಕೊಂಡು ನಗೆಗೀಡಾಗುತ್ತಿದ್ದ ಹೊಸ ಪೋರ್ಚುಗೀಸರನ್ನೂ ವರ್ಣಿಸಿದ್ದಾನೆ.

ಧಾರೆಗೆ ಇನ್ನೊಂದು ಅರ್ಥವೂ ಉಂಟು. ಕುರುಗೋಡು ಸಿಂದರ ರಾಜಧಾನಿಯಾಗಿದ್ದ ೧೨ನೆಯ ಶತಮಾನದ ಕನ್ನಡ ದಾನಶಾಸನಗಳಲ್ಲಿ ‘ಧಾರಾಪೂರ್ವಕ’ವೆಂಬ ಮಾತು ಸಾಮಾನ್ಯ. ಪ್ರತಿಗ್ರಹಿಯ ಕಾಲು ತೊಳೆದು, ಕೈಗೆ ನೀರೆರೆದ ಮೇಲೆಯೇ ಭೂಮಿಯ ಸ್ವಾಮ್ಯವು ಕೈಬದಲಾಗುತ್ತಿದ್ದಿತು. ಮದುವೆಯಲ್ಲಿ ಇಂದಿಗೂ ಧಾರೆಯೆರೆಯುವರು.

ಉತ್ತರ ಅಮೆರಿಕದ ಇಂಗ್ಲಿಷ್ ವಸಾಹತುಗಳಲ್ಲಿ ರೂಢಿಯು ಇದಕ್ಕೆ ತೀರ ವಿಪರೀತ. ೧೬೫೨ರಲ್ಲಿ ಬಾಸ್ಟನ್ನಿನ ಟಂಕಸಾಲೆಯನ್ನು ವಹಿಸಿಕೊಂಡ ಜಾನ್ ಹಲ್ಲನೂ ಆತನ ಪಾಲುಗಾರ ರಾಬರ್ಟ್ ಸ್ಯಾಂಡರ್ಸನ್ನನೂ ಬೆಳ್ಳಿಯ ಬಟ್ಟಲುಗಳನ್ನು ಮಾಡಿದರು. ಇಂಥ ಮನೆಬಳಕೆಯ ಬಟ್ಟಲುಗಳು ದತ್ತಿಯಾಗಿ ಇಗರ್ಜಿಗಳನ್ನು ಸೇರುತ್ತಿದ್ದವು. ಅಲ್ಲಿ ಭಕ್ತರು ಒಂದೇ ಬಟ್ಟಲಿಗೆ ಸರದಿಯಂತೆ ತುಟಿಯಿಡುತ್ತಿದ್ದರು. ಹಂಚಿಕೊಂಡ ಎಂಜಲೇ ಅಲ್ಲಿ ಐಕ್ಯದ ಗುರುತು! ೧೯ನೆಯ ಶತಮಾನದ ಪಾನನಿರೋಧ ಚಳವಳಿಯ ಕಾಲಕ್ಕೆ ಹಿಡಿ, ಮುಚ್ಚಳಗಳುಳ್ಳ ಹಳೆಯ ಟ್ಯಾಂಕರ್ಡುಗಳಲ್ಲಿ ಎಷ್ಟೋ ಕೊಳವೆಬಾಯಿ ಬೆಸೆಯಿಸಿಕೊಂಡು ನೀರಿನ ಹೂಜಿಗಳಾದವು.

ಗಿಂಡಿಯ ಶುಚಿತ್ವವನ್ನು ಹೊಗಳುವವರು ಮರೆಯುವ ಸಂಗತಿಯೊಂದುಂಟು. ಅಸ್ಪೃಶ್ಯರೆನಿಸಿದವರಿಗೆ ಪಾತ್ರೆಯನ್ನೇ ಕೊಡದೆ, ಅವರ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದರು. ಪ್ರತಿಗ್ರಹಿಯ ಕೈಯಲ್ಲಿ ದಾನವಾದ ಧಾರೆಯೇ ಈ ಬೊಗಸೆಯಲ್ಲಿ ಬಹಿಷ್ಕಾರವಾಯಿತು. ಗಿಂಡಿಯು ವಸ್ತುಸಂಗ್ರಹಾಲಯವನ್ನು ಸೇರಬಲ್ಲುದು, ಬೊಗಸೆ ಸೇರಲಾರದು. ಆದಕಾರಣ ಪಾತ್ರೆಗಳಿಂದಲೇ ಬರೆದ ಚರಿತ್ರೆಯಲ್ಲಿ ಈ ಭಾಗವು ಬಿಟ್ಟುಹೋಗುವುದು. ೧೯೫೦ರ ಸಂವಿಧಾನವು ೧೭ನೆಯ ವಿಧಿಯಿಂದ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ೧೯೫೫ರ ಅಧಿನಿಯಮವು ಹೋಟೆಲು, ಧರ್ಮಶಾಲೆಗಳಲ್ಲಿ ಸಾರ್ವಜನಿಕರಿಗಾಗಿ ಇಟ್ಟ ಪಾತ್ರೆಗಳ ಬಳಕೆಗೆ ಅಡ್ಡಿಮಾಡುವುದನ್ನು ಪ್ರತ್ಯೇಕವಾಗಿ ಹೆಸರಿಸಿ ಶಿಕ್ಷಾರ್ಹವೆಂದಿತು.