ನಮ್ಮ ಓಣಿಯ ಜೋಕ್ಯಾ, ನಿಮ್ಮ ಅಪಾರ್ಟ್‌ಮೆಂಟಿನ ಹ್ಯಾಲೊವೀನ್

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಜಗಳ ಗ್ಯಾರಂಟಿ. "ಹ್ಯಾಲೊವೀನ್ ನಮ್ಮ ಸಂಸ್ಕೃತಿ ಅಲ್ಲ" ಅಂತ ಒಬ್ಬರು, "ಮಕ್ಕಳ ಆಟ, ಬಿಡಿ ಸಾರ್" ಅಂತ ಇನ್ನೊಬ್ಬರು. ಜಗಳ ಏನೇ ಆಗಲಿ, 31ರ ಸಂಜೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬಕೆಟ್ ಹಿಡಿದ ಪುಟ್ಟ ದೆವ್ವಗಳು ಲಿಫ್ಟಿನಿಂದ ಇಳಿಯುತ್ತವೆ, ಬೆಲ್ ಒತ್ತುತ್ತವೆ, ಚಾಕೊಲೇಟ್ ತಗೊಂಡು ಹೋಗುತ್ತವೆ. ನಾನು ಬೆಟಗೇರಿಯಲ್ಲಿ ಬೆಳೆದವನು. ಬಾಗಿಲಿಗೆ ಬಂದು ನಿಂತ ವಿಚಿತ್ರ ಮುಖ, ಏನಾದರೂ ಕೊಟ್ಟೇ ಕಳಿಸಬೇಕು ಅನ್ನೋ ಅಳುಕು, ಸತ್ತವರು ಮನೆಗೆ ಬರುವ ದಿನಗಳು, ಇವೆಲ್ಲ ನನಗೆ ಇಂಗ್ಲಿಷ್ ಸಿನಿಮಾ ನೋಡಿ ಗೊತ್ತಾದದ್ದಲ್ಲ. ನಮ್ಮ ಓಣಿಯಲ್ಲಿ ಅದಕ್ಕೆ ಜೋಕುಮಾರ ಅಂತ ಹೆಸರಿತ್ತು. ಪ್ರೀತಿಗೆ, ಬೈಗುಳಕ್ಕೆ ಎರಡಕ್ಕೂ ಜೋಕ್ಯಾ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಗಣಪತಿ ಬಂದ ನಾಲ್ಕು ದಿನಕ್ಕೆ, ಭಾದ್ರಪದ ಶುದ್ಧ ಅಷ್ಟಮಿಗೆ, ಜೋಕುಮಾರ ಹುಟ್ಟುತ್ತಾನೆ. ಅವನಿಗೆ ಏಳು ದಿನದ ಆಯುಷ್ಯ. ಹುಣ್ಣಿಮೆಯ ರಾತ್ರಿ ಸಾಯುತ್ತಾನೆ. ಮಣ್ಣಿನ ಗೊಂಬೆ, ದೊಡ್ಡ ಕಣ್ಣು, ತೆರೆದ ಬಾಯಿ. ಬಿದಿರಿನ ಬುಟ್ಟಿಯಲ್ಲಿ ಕೂರಿಸಿ, ಸುತ್ತ ಬೇವಿನ ತೊಪ್ಪಲು ತುಂಬಿ, ಅಂಬಿಗರ, ಬಾರಕೇರ ಮನೆಗಳ ಹೆಂಗಸರು ತಲೆಯ ಮೇಲೆ ಹೊತ್ತು ಮನೆ ಮನೆಗೆ ಬರುತ್ತಾರೆ. ಕಟ್ಟೆಯ ಮೇಲೆ ಬುಟ್ಟಿ ಇಳಿಸಿ ಹಾಡುತ್ತಾರೆ. ಮನೆಯವರು ಮೊರದಲ್ಲಿ ಜೋಳ, ಒಣಮೆಣಸಿನಕಾಯಿ, ಉಪ್ಪು ಹಾಕಿ ಕೊಡುತ್ತಾರೆ, ಜೋಕ್ಯಾನ ಬಾಯಿಗೆ ಬೆಣ್ಣೆ ಹಚ್ಚುತ್ತಾರೆ. ಅವರು ಬರಿಗೈಯಲ್ಲಿ ಇಸಕೊಂಡು ಹೋಗೋದಿಲ್ಲ, ತಿರುಗಿ ಬೇವಿನ ಎಲೆ, ಒಂದು ಹಿಡಿ ನುಚ್ಚು ಕೊಡುತ್ತಾರೆ. ರೈತರು ಆ ನುಚ್ಚನ್ನು ಅಂಬಲಿಗೆ ಕಲೆಸಿ ಹೊಲಕ್ಕೆ ಒಯ್ದು ಬೆಳೆಗೆ ಚರಗ ಚೆಲ್ಲುತ್ತಾರೆ. ಮಕ್ಕಳಿಲ್ಲದವರು ಬೇಡಿಕೊಳ್ಳೋದೂ ಇವನ ಹತ್ತಿರವೇ. ತೊಪ್ಪಲಿನ ಕೆಳಗೆ ಗೊಂಬೆಯ ಉಳಿದ ಭಾಗ ಹೇಗಿದೆ ಅಂತ ನೋಡಲು ನಾವು ಹುಡುಗರು ಬಗ್ಗುತ್ತಿದ್ದೆವು, ಆ ಹೆಂಗಸರು ಗದರುತ್ತಿದ್ದರು. ಚಂದ್ರಶೇಖರ ಕಂಬಾರರು 1972ರಲ್ಲಿ ಬರೆದ 'ಜೋಕುಮಾರಸ್ವಾಮಿ' ನಾಟಕ ನೋಡಿದವರಿಗೆ ಅಲ್ಲೇನಿದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಈ ದೇವರ ಬಗ್ಗೆ ನನಗೆ ತುಂಬಾ ಇಷ್ಟವಾದ ಮಾತೊಂದಿದೆ. ಗಣಪ ಭೂಮಿಗೆ ಬಂದು ಕಡಬು ತಿಂದು ಹೋಗಿ "ಎಲ್ಲರೂ ಆರಾಮ ಅದಾರ" ಅಂತ ಶಿವನಿಗೆ ವರದಿ ಕೊಡುತ್ತಾನಂತೆ. ಜೋಕ್ಯಾ ಹಾಗಲ್ಲ. ಬಡವರ ಬಾಗಿಲಿಗೂ ಹೋಗಿ, ಒಣಗಿದ ಪೈರು ನೋಡಿ, "ಮಳಿ ಇಲ್ಲ, ಮಂದಿ ಸಾಯಾಕತ್ತಾರ" ಅಂತ ಇದ್ದದ್ದು ಇದ್ದಂತೆ ಹೇಳುತ್ತಾನೆ. ಆಮೇಲೆ ಮಳೆ ಬರುತ್ತದೆ. ಆಫೀಸಿನಲ್ಲಿ ಎರಡೂ ನಮೂನೆಯ ಮ್ಯಾನೇಜರುಗಳನ್ನು ನೀವು ನೋಡಿರುತ್ತೀರಿ.

ಇನ್ನು ಅವನ ಸಾವು. ಹೆಣ್ಣುಮಕ್ಕಳ ಬೆನ್ನು ಹತ್ತುವ ಜೋಕುಮಾರ ಅಗಸರ ಮನೆಯವಳ ಮೇಲೆ ಕಣ್ಣು ಹಾಕಿ ಕೊಲೆಯಾಗುತ್ತಾನೆ ಅನ್ನೋದು ಕಥೆ. ಹೇಗೆ, ಎಲ್ಲಿ ಅನ್ನೋದು ಊರೂರಿಗೆ ಬೇರೆ. ಕೆಲವು ಕಡೆ ಹೆಂಗಸರೇ ಒನಕೆ ಹಿಡಿದು ಅವನ ಸುತ್ತ ಕುಣಿದು ಬಡಿಯುತ್ತಾರೆ. ಸತ್ತ ಮೇಲೆ ಮೂರು ದಿನ ಅಗಸರು ಬಟ್ಟೆ ಒಗೆಯಲು ಹಳ್ಳಕ್ಕೆ ಹೋಗೋದಿಲ್ಲ, ಹೋದರೆ ಕಲ್ಲಿನ ಹತ್ತಿರ ಅವನು ನರಳೋದು ಕೇಳುತ್ತದೆ. ಲಕ್ಷ್ಮೇಶ್ವರದ ಹತ್ತಿರದ ನಮ್ಮ ಅಜ್ಜಿಯ ಊರಲ್ಲಿ ಆ ರಾತ್ರಿ ಊಟ ಬೇಗ ಮುಗಿಯುತ್ತಿತ್ತು. "ಹೊರಗ ಹೋಗಬ್ಯಾಡ್ರೋ, ಜೋಕ್ಯಾನ ಕೂಗು ಕಿವಿಗೆ ಬೀಳಬಾರದು" ಅಂತ ಅಜ್ಜಿ ಅಗಳಿ ಹಾಕುತ್ತಿದ್ದಳು. ಆ ಭಯದ ಮುಂದೆ ಪಾರ್ಟಿ ಅಂಗಡಿಯ ರಬ್ಬರ್ ಮುಖವಾಡ ಏನೇನೂ ಅಲ್ಲ.

ಮರುದಿನದಿಂದಲೇ ಪಿತೃಪಕ್ಷ ಶುರು. ಹದಿನೈದು ದಿನಕ್ಕೆ ಮಹಾನವಮಿ ಅಮಾವಾಸ್ಯೆ, ಹಿರಿಯರಿಗೆ ಎಡೆ. ಅಂದರೆ ಜೋಕ್ಯಾ ಸತ್ತು ದಾರಿ ಮಾಡಿಕೊಟ್ಟ ಮೇಲೆ ಮನೆಯ ಸತ್ತವರು ಒಳಗೆ ಬರುತ್ತಾರೆ. ಹ್ಯಾಲೊವೀನ್ ಕೂಡ ಅಕ್ಟೋಬರ್ 31ರ ರಾತ್ರಿ, ಮರುದಿನ ಸಂತರ ದಿನ, ನವೆಂಬರ್ 2 ಸತ್ತವರ ಆತ್ಮಗಳ ದಿನ. ಸುಗ್ಗಿಯ ಹೊತ್ತಿಗೆ ಸತ್ತವರನ್ನು ನೆನೆಯೋದು ಯಾರ ಸ್ವಂತ ಆಸ್ತಿಯೂ ಅಲ್ಲ. ಇನ್ನು ಕೊಡದವರಿಗೆ ಕಾಟ ಕೊಡುವ ಆ 'ಟ್ರಿಕ್' ಭಾಗಕ್ಕೆ ನಮ್ಮಲ್ಲಿ ಹೋಳಿ ಇತ್ತು. ಕಾಮಣ್ಣನ ಹೆಸರಲ್ಲಿ ಕುಳ್ಳು, ಕಟ್ಟಿಗೆ, ಒಮ್ಮೊಮ್ಮೆ ಇಡೀ ಬಾಗಿಲನ್ನೇ ಕದಿಯುತ್ತಿದ್ದೆವು. ವೇಷಕ್ಕೆ ಮೊಹರಮ್ಮಿನ ಹುಲಿಗಳಿದ್ದವು. ಸಾಲದ್ದಕ್ಕೆ ತೊಂಬತ್ತರ ದಶಕದಲ್ಲಿ ರಾತ್ರಿ ಬಂದು ಹೆಸರು ಹಿಡಿದು ಕೂಗುವ ದೆವ್ವವೊಂದು ರಾಜ್ಯದ ತುಂಬ ಓಡಾಡಿತು, ಅದಕ್ಕಾಗಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದದ್ದು ನಿಮಗೂ ನೆನಪಿರಬಹುದು.

ಇಷ್ಟು ಹೇಳಿ "ನೋಡಿ, ನಮ್ಮಲ್ಲೂ ಇತ್ತು, ಕಳಕೊಂಡೆವು" ಅಂತ ನಿಟ್ಟುಸಿರು ಬಿಡೋದು ಸುಲಭ. ಆದರೆ ಹ್ಯಾಲೊವೀನಿನ ಇತಿಹಾಸ ಸ್ವಲ್ಪ ಓದಿದ ಮೇಲೆ ನನಗೆ ಬೇರೆಯದೇ ಪ್ರಶ್ನೆ ಕಾಡತೊಡಗಿತು. ಬಾಗಿಲು ತಟ್ಟುತ್ತಿದ್ದವರು ಯಾರು?

ಮಧ್ಯಯುಗದ ಇಂಗ್ಲೆಂಡಿನಲ್ಲಿ ತಟ್ಟುತ್ತಿದ್ದವರು ಬಡವರು. ಸತ್ತವರ ದಿನ ಮನೆ ಮನೆಗೆ ಹೋಗಿ, ಆ ಮನೆಯ ಹಿರಿಯರ ಆತ್ಮಕ್ಕೆ ಪ್ರಾರ್ಥನೆ ಮಾಡಿ, ಬದಲಿಗೆ 'ಸೋಲ್ ಕೇಕ್' ಅನ್ನೋ ಸಣ್ಣ ರೊಟ್ಟಿ ಪಡೆಯುತ್ತಿದ್ದರು. ನಮ್ಮ ಬೇವಿನ ಎಲೆ, ಜೋಳದ ಲೆಕ್ಕವೇ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಅವರ ಜೊತೆ ಹಬ್ಬವೂ ಅಮೆರಿಕಕ್ಕೆ ಹಡಗು ಹತ್ತಿತು. ಅಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದವರಿಗೆ ಇಲ್ಲಿ ಕುಂಬಳಕಾಯಿ ಸಿಕ್ಕಿತು. 'ಟ್ರಿಕ್ ಆರ್ ಟ್ರೀಟ್' ಅನ್ನೋ ಮಾತು 1920ರ ದಶಕದಲ್ಲಿ ಕೆನಡಾದ ಪತ್ರಿಕೆಗಳಲ್ಲಿ ಕಾಣಿಸುತ್ತದೆ. ಎರಡನೇ ಮಹಾಯುದ್ಧದ ಸಕ್ಕರೆ ರೇಷನ್ ಮುಗಿದ ಮೇಲೆ ಅದು ಪೂರ್ತಿ ಮಕ್ಕಳದ್ದಾಯಿತು, ಮಿಠಾಯಿ ಕಂಪನಿಗಳದ್ದೂ ಆಯಿತು. ಅಪರಿಚಿತರು ಮಿಠಾಯಿಗೆ ವಿಷ ಹಾಕುತ್ತಾರೆ ಅನ್ನೋ ಗುಲ್ಲು ಹಬ್ಬಿದಾಗ ಮನೆಯಲ್ಲಿ ಮಾಡಿದ್ದು ಹೋಗಿ ಪ್ಯಾಕೆಟ್ ಬಂತು. 1974ರಲ್ಲಿ ಟೆಕ್ಸಾಸಿನಲ್ಲಿ ನಿಜಕ್ಕೂ ಒಬ್ಬ ಹುಡುಗ ಸತ್ತ, ವಿಷ ಹಾಕಿದವನು ಅಪರಿಚಿತನಲ್ಲ, ಅವನ ಸ್ವಂತ ತಂದೆ.

ಅಲ್ಲಿ ಹಸಿದವರು ತಟ್ಟುತ್ತಿದ್ದ ಬಾಗಿಲನ್ನು ಮುಂದೆ ಯಾರ ಮಕ್ಕಳು ಬೇಕಾದರೂ ತಟ್ಟುವಂತಾಯಿತು. ವೇಷ ಕಳಚಿದರೆ ಎಲ್ಲರೂ ಮಕ್ಕಳೇ. ನಮ್ಮಲ್ಲಿ ಹಾಗಾಗಲಿಲ್ಲ. ಬುಟ್ಟಿ ಹೊರುವವರು ಯಾರು, ಮೊರ ಹಿಡಿದು ಒಳಗೆ ನಿಲ್ಲುವವರು ಯಾರು ಅನ್ನೋದು ಹುಟ್ಟಿನಲ್ಲೇ ತೀರ್ಮಾನವಾಗಿತ್ತು. ನನ್ನ ಬಾಲ್ಯದ ನೆನಪು ಅಷ್ಟು ಚೆಂದ ಇರೋದಕ್ಕೆ ಕಾರಣ ನಾನು ಯಾವಾಗಲೂ ಒಳಗಿದ್ದೆ ಅನ್ನೋದು.

ನಮ್ಮ ಓಣಿಗೆ ಜೋಕ್ಯಾ ಬರೋದು ನಿಂತು ಬಹಳ ವರ್ಷವಾಯಿತು. ಸುತ್ತಲಿನ ಹಳ್ಳಿಗಳಲ್ಲಿ ಇನ್ನೂ ಬರುತ್ತಾನೆ, ಪತ್ರಿಕೆಗಳಲ್ಲಿ ಪ್ರತಿ ವರ್ಷ ಫೋಟೊ ಬರುತ್ತದೆ. ಗದಗ-ಬೆಟಗೇರಿಯಂಥ ಊರಲ್ಲಿ ನಿಲ್ಲೋದಕ್ಕೆ ಒಂದು ಸರಳ ಕಾರಣವೂ ಇದೆ. ಕೊಡಲು ಜೋಳವೇ ಇಲ್ಲ. 2002ರಲ್ಲಿ ಬಿಟಿ ಹತ್ತಿಗೆ ಪರವಾನಗಿ ಸಿಕ್ಕ ಮೇಲೆ ಎಷ್ಟೋ ಹೊಲಗಳಲ್ಲಿ ಹತ್ತಿ, ಗೋವಿನಜೋಳ ಬಂದವು. ಹಗೇವು ತುಂಬ ಜೋಳ ಇಡುತ್ತಿದ್ದ ಮನೆಗಳು ಕಿಲೋ ಲೆಕ್ಕದಲ್ಲಿ ಅಂಗಡಿಯಿಂದ ತರತೊಡಗಿದವು. ಮೊರದ ಜಾಗದಲ್ಲಿ ಹತ್ತು ರೂಪಾಯಿ ನೋಟು ಬಂತು. ಧಾನ್ಯ ಕೊಟ್ಟಾಗ ಅದು ಪಾಲು ಅನ್ನಿಸುತ್ತಿತ್ತು, ನೋಟು ಕೊಟ್ಟಾಗ ಭಿಕ್ಷೆಯಂತೆ ಕಾಣತೊಡಗಿತು.

ನಿಜವಾದ ಕಾರಣ ಹೇಳಿದ್ದು ಮಾತ್ರ ನಮ್ಮ ಮನೆಗೆ ಬುಟ್ಟಿ ಹೊತ್ತು ಬರುತ್ತಿದ್ದ ಆ ಅವ್ವನ ಮಗಳು. ಈಗ ಬಸ್ ಸ್ಟ್ಯಾಂಡ್ ಹತ್ತಿರ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ನಾನು ಊರಿಗೆ ಹೋದಾಗ ಸಿಕ್ಕಿದ್ದಳು. ನಾನು ಜೋಕ್ಯಾನ ಮಾತು ತೆಗೆದೆ, ಹಾಡಾದರೂ ಬರೆದಿಡಬೇಕಿತ್ತು ಅಂದೆ. ಅವಳು ಸೀರೆ ಮಡಚುತ್ತಲೇ ಹೇಳಿದಳು: "ಹಾಡು ನನಗ ಎಲ್ಲಾ ಬರ್ತಾವ್ರಿ ಅಣ್ಣಾರ. ಬುಟ್ಟಿ ಮಾತ್ರ ನಾ ಹೊರೂದಿಲ್ಲ. ನಮ್ಮವ್ವ ಹೊತ್ಲು. ನಾ ಸಾಲಿಗೆ ಹೋದ್ರ ಹುಡುಗೂರು 'ಜೋಕ್ಯಾನ ಬುಟ್ಟಿಯಾಕಿ ಮಗಳು' ಅಂತಿದ್ರು. ನಿಮ್ಮ ಓಣ್ಯಾಗಿನ ಹುಡುಗೂರ ಅಂತಿದ್ರು." ನಾನು ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ನಕ್ಕು, "ಅಷ್ಟು ಆಸೆ ಇದ್ರ ಒಂದ್ ವರ್ಷ ನೀವ ಹೊರ್ರಲ" ಅಂದಳು.

ಜಾನಪದ ಉಳಿಸಬೇಕು ಅನ್ನೋ ಭಾಷಣಗಳಲ್ಲಿ ಈ ಮಾತು ಬರೋದಿಲ್ಲ. ಉಳಿಸಿ ಅಂತ ಹೇಳುವವರು ಯಾವಾಗಲೂ ಹೊಸ್ತಿಲ ಒಳಗಿನವರು. ಅಪಾರ್ಟ್‌ಮೆಂಟಿನ ಹ್ಯಾಲೊವೀನ್ ಇದಕ್ಕಿಂತ ಮೇಲು ಅಂತಲೂ ನಾನು ಹೇಳಲಾರೆ. ಅಲ್ಲಿ ಬಕೆಟ್ ಹಿಡಿಯೋದು ಫ್ಲಾಟಿನ ಮಕ್ಕಳು ಮಾತ್ರ. ಕೆಳಗಿನ ಶೆಡ್ಡಿನಲ್ಲಿರುವ ಸೆಕ್ಯುರಿಟಿಯವರ ಮಗಳು ಮೂರನೇ ಮಹಡಿಯ ಬೆಲ್ ಒತ್ತಿದರೆ ಅದು ಹಬ್ಬ ಅನ್ನಿಸೋದಿಲ್ಲ.

ಹಾಗಾದರೆ ಬಾಗಿಲು ತಟ್ಟುವ ಹಬ್ಬ ಎಲ್ಲೂ ಮರ್ಯಾದೆಯಿಂದ ಉಳಿದಿಲ್ಲವೇ? ಉಳಿದಿದೆ. ಶಿರಹಟ್ಟಿ, ಮುಂಡರಗಿ ಕಡೆ, ಕಪ್ಪತಗುಡ್ಡದ ಆಸುಪಾಸು ಲಂಬಾಣಿ ತಾಂಡಾಗಳಿವೆ. ದೀಪಾವಳಿ ಅಮಾವಾಸ್ಯೆಯ ರಾತ್ರಿ ಅಲ್ಲಿ ಮೇರಾ. ಮದುವೆಯಾಗದ ಹುಡುಗಿಯರು ಕೈಯಲ್ಲಿ ದೀಪ ಹಿಡಿದು, ಮೊದಲು ನಾಯಕನ ಮನೆಗೆ, ಆಮೇಲೆ ಒಂದೊಂದೇ ಮನೆಗೆ ಹೋಗಿ, ಆ ಮನೆಯವರಿಗೆ ಒಳ್ಳೆಯದಾಗಲಿ ಅಂತ ಹಾಡಿ ಬೆಳಗುತ್ತಾರೆ. ಹಿರಿಯರು ದುಡ್ಡು ಕೊಡುತ್ತಾರೆ. ಮರುದಿನ ಸತ್ತ ಹಿರಿಯರಿಗೆ ಬೆಂಕಿಯಲ್ಲಿ ನೈವೇದ್ಯ, ಹುಡುಗಿಯರು ಹೂ ತರಲು ಗುಂಪಾಗಿ ಅಡವಿಗೆ ಹೋಗೋದು. ಇಲ್ಲಿ ತಟ್ಟುವವರೂ ತೆಗೆಯುವವರೂ ಒಂದೇ ತಾಂಡಾದವರು. ಈ ಮನೆಯ ಹುಡುಗಿ ಆ ಮನೆಗೆ, ಆ ಮನೆಯವಳು ಈ ಮನೆಗೆ. ಅದಕ್ಕೇ ಇದು ನಿಂತಿಲ್ಲ ಅಂತ ನನ್ನ ಅಂದಾಜು.

ಎರಡು ವರ್ಷದ ಹಿಂದೆ ಗೆಳೆಯನೊಬ್ಬ ಶಿರಹಟ್ಟಿ ಕಡೆಯ ತನ್ನ ತಾಂಡಾಕ್ಕೆ ಮೇರಾ ನೋಡಲು ಕರೆದಿದ್ದ. ವರ್ಷವಿಡೀ ಗೋವಾದಲ್ಲಿ, ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುವ ಮನೆಗಳವರು ಅವತ್ತು ಊರು ಸೇರಿದ್ದರು. ನರ್ಸಿಂಗ್ ಓದುವ ಹುಡುಗಿ, ಗಾರ್ಮೆಂಟ್ಸಿಗೆ ಹೋಗುವ ಹುಡುಗಿ, ಹೈಸ್ಕೂಲಿನವರು, ಎಲ್ಲರ ಕೈಯಲ್ಲೂ ದೀಪ. ಕೆಲವರು ಅಜ್ಜಿಯ ಕನ್ನಡಿ ಕಸೂತಿಯ ಲಂಗ ಉಟ್ಟಿದ್ದರು, ಕೆಲವರು ಚೂಡಿದಾರ. ಗೆಳೆಯನ ಮನೆಯ ಮುಂದೆ ಬಂದರು, ಹಾಡಿದರು, ಅವನ ತಂದೆ ನೂರರ ನೋಟುಗಳನ್ನು ಹಂಚಿದರು. ಗೆಳೆಯನಿಗೂ, ಅವನ ಪುಟ್ಟ ಮಗನಿಗೂ ದೀಪ ಬೆಳಗಿದರು. ನಾನು ಮೊದಲೇ ನೋಟು ತೆಗೆದಿಟ್ಟುಕೊಂಡು ಪಕ್ಕದಲ್ಲೇ ನಿಂತಿದ್ದೆ. ಅವರು ನನ್ನನ್ನು ದಾಟಿ ಮುಂದಿನ ಮನೆಗೆ ಹೋದರು. ನಾನು ಆ ತಾಂಡಾದ ಮನೆಯವನಲ್ಲ.