ಹೋಶ್ ಬರುವ ಹೊತ್ತು

ಗೋಕಾಕ, ಮೂಡಲಗಿ, ಹುಕ್ಕೇರಿಯ ಕಡೆ ಮಗುವಿನ ಟಾನ್ಸಿಲ್ ತೆಗೆಸಬೇಕೆಂದರೆ ಮನೆಯ ಹಿರಿಯರು "ಸಣ್ಣ ಆಪರೇಷನ್, ಅಂಜಬ್ಯಾಡ್ರಿ" ಎನ್ನುತ್ತಾರೆ. ಆಪರೇಷನ್ ಸಣ್ಣದು, ನಿಜ. ಆದರೆ ಅದಕ್ಕಾಗಿ ಕೊಡುವ ನಿದ್ದೆ ಸಣ್ಣದಲ್ಲ. ಆ ನಿದ್ದೆಗೂ ಒಂದು ಚರಿತ್ರೆಯಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ದಖ್ಖನಿನಲ್ಲೇ.

1846ರ ಅಕ್ಟೋಬರ್ 16ರಂದು ಬೋಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ರೋಗಿಗೆ ಈಥರ್ ಮೂಸಲು ಕೊಟ್ಟು ನೋವು ಮರೆಸಿದ. ಮರುವರ್ಷ ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರ್ಮ್ ಬಳಕೆಗೆ ತಂದ. 1848ರ ಜನವರಿಯಲ್ಲಿ ಇಂಗ್ಲೆಂಡಿನ ಹದಿನೈದರ ಹುಡುಗಿ ಹನ್ನಾ ಗ್ರೀನರ್ ಕಾಲ್ಬೆರಳ ಉಗುರು ತೆಗೆಸಿಕೊಳ್ಳಲು ಕ್ಲೋರೋಫಾರ್ಮ್ ಮೂಸಿದವಳು ಮತ್ತೆ ಏಳಲಿಲ್ಲ. ಅದೂ ಸಣ್ಣ ಆಪರೇಷನ್ನೇ.

ಕ್ಲೋರೋಫಾರ್ಮ್ ಮೊದಲು ನಿಲ್ಲಿಸುವುದು ಹೃದಯವನ್ನೋ ಉಸಿರನ್ನೋ? ಈ ವಾದ ತೀರಿಸಲು ಹೈದರಾಬಾದಿನ ವೈದ್ಯ ಎಡ್ವರ್ಡ್ ಲಾರಿ 1888 ಮತ್ತು 1889ರಲ್ಲಿ ಎರಡು ಆಯೋಗ ನಡೆಸಿದ. ನಿಜಾಮ್ ಮೀರ್ ಮಹಬೂಬ್ ಅಲಿ ಖಾನರ ಸರಕಾರ ಹಣ ಕೊಟ್ಟಿತು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಬಂದ. ಉಸಿರೇ ಮೊದಲು ನಿಲ್ಲುತ್ತದೆ ಎಂದು ಆಯೋಗ ಹೇಳಿತು. ಹೃದಯವೂ ಹಠಾತ್ತನೆ ನಿಲ್ಲಬಹುದೆಂದು 1911ರಲ್ಲಿ ಲೆವಿ ತೋರಿಸಿದಾಗ ಲಾರಿಯ ಹಠ ಅರ್ಧ ಸುಳ್ಳಾಯಿತು. ಆದರೆ ಉಸಿರಿನ ಮೇಲಿಂದ ಕಣ್ಣು ತೆಗೆಯಬೇಡಿ ಎಂಬ ಅವನ ಪಾಠ ಉಳಿಯಿತು. ಆ ಪಾಠವನ್ನು ಅಲ್ಲೇ ಕಲಿತ ಪಾರ್ಸಿ ಮಹಿಳೆ ರೂಪಾಬಾಯಿ ಫರ್ದೂಂಜಿಯವರನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಗುರುತಿಸುತ್ತಾರೆ.

ಇಂದು ಕ್ಲೋರೋಫಾರ್ಮ್ ಇಲ್ಲ, ಪಾಠ ಇದೆ. ಆಪರೇಷನ್ ಮುಗಿದ ಮಗುವನ್ನು ಮಗ್ಗುಲಾಗಿ ಮಲಗಿಸುವುದು ರಕ್ತ, ಜೊಲ್ಲು ಉಸಿರಿನ ದಾರಿಗೆ ಇಳಿಯದಿರಲೆಂದು. ಬೆರಳಿಗೆ ಸಿಕ್ಕಿಸಿದ ಯಂತ್ರ ರಕ್ತದ ಆಮ್ಲಜನಕ ಅಳೆಯುತ್ತದೆ. ಹೋಶ್ ಬರುವಾಗ ಕೆಲವು ಮಕ್ಕಳು ಚೀರುತ್ತವೆ, ಒದೆಯುತ್ತವೆ, ಹೆತ್ತವಳನ್ನೇ ಗುರುತಿಸುವುದಿಲ್ಲ. ಗಾಳಿ ಸೋಕಿತು, ತಲೆ ಕೆಟ್ಟಿತು ಎಂದು ತಾಯಂದಿರು ಹೆದರುತ್ತಾರೆ. ಅದು ಮದ್ದು ಇಳಿಯುವ ಹೊತ್ತಿನ ಗಲಿಬಿಲಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಣಿಯುತ್ತದೆ.

ಹೆದರಬೇಕಾದದ್ದು ಬೇರೆ. ಮಗು ಹಸಿದಿದೆಯೆಂದು ಅಜ್ಜಿ ಕದ್ದು ಕುಡಿಸಿದ ಅರ್ಧ ಬಟ್ಟಲು ಹಾಲು ಹೆದರಬೇಕಾದದ್ದು: ನಿದ್ದೆಯಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ರಾತ್ರಿ ಗೊರಕೆ ಹೊಡೆಯುತ್ತ ಉಸಿರು ಕಟ್ಟುವ ಮಗುವಾದರೆ ವೈದ್ಯರಿಗೆ ಮೊದಲೇ ಹೇಳಬೇಕು. ಸುಮ್ಮನೆ ಮಲಗಿದ ಮಗು ಮತ್ತೆ ಮತ್ತೆ ಗುಟುಕರಿಸುತ್ತಿದ್ದರೆ ಗಂಟಲಲ್ಲಿ ರಕ್ತ ಇಳಿಯುತ್ತಿರಬಹುದು. ಊರಿಗೆ ಮರಳಿದ ಮೇಲೂ, ಐದರಿಂದ ಹತ್ತನೆಯ ದಿನದ ನಡುವೆ, ಗಾಯದ ಪೊರೆ ಕಳಚುವಾಗ ರಕ್ತ ಬರುವುದುಂಟು. ಆಗ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಆಯೋಗಗಳು ಪ್ರಯೋಗಶಾಲೆಯಲ್ಲಿ ಹುಡುಕಿದ್ದನ್ನು ತಾಯಿ ಹಾಸಿಗೆಯ ಬದಿಯಲ್ಲಿ ಮಾಡುತ್ತಾಳೆ. ಏಕೆ ನೋಡಬೇಕೆಂದು ಅವಳಿಗೆ ಯಾರಾದರೂ ಅವಳ ಭಾಷೆಯಲ್ಲಿ ಹೇಳಿದರೆ ಸಾಕು.